ಒದ್ದೆ ಮಾಡಿ ನೋಡದ ಬಟ್ಟೆ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ನಲವತ್ತೇಳಕ್ಕ ಎಂದು ಕರೆಯುತ್ತಿದ್ದರು. ಅದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಆ ಹೆಸರು ಬಿದ್ದಾಗ ಅವಳಿಗಿನ್ನೂ ಇಪ್ಪತ್ತೊಂಬತ್ತು. ಅವಳು ರೂಪಿಸಿದ ಹೆಂಗಸರ ಓಟದ ಚಡ್ಡಿಯೊಂದಕ್ಕೆ ಕಂಪನಿಯ ಪಟ್ಟಿಯಲ್ಲಿ ನಲವತ್ತೇಳನೆಯ ನಂಬರು ಸಿಕ್ಕಿತ್ತು. ಚಡ್ಡಿ ಅಂಗಡಿ ಅಂಗಡಿಗೆ ಹೋಯಿತು, ನಂಬರು ಅವಳಿಗೆ ಅಂಟಿಕೊಂಡಿತು. ನಿಜವಾಗಿ ನಲವತ್ತೇಳು ತುಂಬಿದ ದಿನ ಹೊಲಿಗೆ ವಿಭಾಗದ ಹೆಂಗಸರೆಲ್ಲ ಸೇರಿ, "ಅಕ್ಕ, ಇವತ್ತೊಂದು ದಿನ ನಿಮ್ಮ ಹೆಸರೂ ವಯಸ್ಸೂ ಒಂದೇ ಸೈಜು" ಎಂದು ನಗಾಡಿದ್ದರು. ಈಗ ಅವಳಿಗೆ ಐವತ್ತಾರು.

ಅವಳ ಅಮ್ಮ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕು ಬಲಗೈ ಮೇಲೆ ಬೀಳುವ ಹಾಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಯಾರ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುವಿ ಹೊಲಿಗೆ ನೋಡುವುದು ಅವಳ ಚಾಳಿ. "ಮುಖಕ್ಕೆ ಯಾರು ಬೇಕಾದ್ರೂ ಪೌಡರ್ ಬಳ್ಕೋತಾರೆ. ಬೆನ್ನು ಉಜ್ಜಿದಾರಾ ಅಂತ ನೋಡ್ಬೇಕು" ಎನ್ನುತ್ತಿದ್ದಳು. ಮಗಳು ಯಂತ್ರದ ಕೆಳಗೆ ಬಿದ್ದ ತುಂಡುಗಳ ಮಧ್ಯೆ ಅಕ್ಷರ ಕಲಿತಳು, ಸೂಜಿಗೆ ದಾರ ಪೋಣಿಸುವುದನ್ನೂ ಕಲಿತಳು. ಆದರೆ ಅವಳಿಗೆ ಇಷ್ಟವಿದ್ದದ್ದು ಓಟ.

ಎಂಟುನೂರು ಮೀಟರ್ ಓಡುತ್ತಿದ್ದಳು. ಹದಿಮೂರನೆಯ ವಯಸ್ಸಿನಲ್ಲಿ ಮೊದಲ ಸಲ ಅಂತರಶಾಲಾ ಸ್ಪರ್ಧೆಗೆ ಹೋದಾಗ ಶಾಲೆಯವರು ಹುಡುಗಿಯರಿಗೆ ಹುಡುಗರ ತಂಡದ ಹಳೆಯ ಚಡ್ಡಿಗಳನ್ನೇ ಹಂಚಿದರು. ತೊಡೆಗೆ ಬಿಗಿ, ಸೊಂಟಕ್ಕೆ ಸಡಿಲ. ಲಾಡಿ ಎಳೆದು ಕಟ್ಟಿಕೊಂಡು ಓಟಕ್ಕೆ ನಿಂತಳು. ಎರಡನೆಯ ಸುತ್ತಿನಲ್ಲಿ ಲಾಡಿ ಕಿತ್ತುಹೋಯಿತು. ಉಳಿದ ದೂರವನ್ನೆಲ್ಲ ಎಡಗೈಯಲ್ಲಿ ಚಡ್ಡಿ ಹಿಡಿದುಕೊಂಡೇ ಓಡಿ ನಾಲ್ಕನೆಯವಳಾಗಿ ಬಂದಳು. ಆಟದ ಮೇಷ್ಟ್ರು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಓಡೋಕೆ ಕಾಲು ಬೇಕಮ್ಮ, ಚಡ್ಡಿ ಅಲ್ಲ" ಎಂದರು. ಅವಳು ಮನೆಗೆ ಬಂದು ಅಮ್ಮನ ಕತ್ತರಿ ತೆಗೆದುಕೊಂಡು ಚಡ್ಡಿಯ ಹೊಲಿಗೆಗಳನ್ನೆಲ್ಲ ಬಿಚ್ಚಿ ತುಂಡುಗಳನ್ನು ನೆಲದ ಮೇಲೆ ಹರಡಿದಳು. ಅಮ್ಮ ಬಂದು ನೋಡಿದಳು, ಬಯ್ಯಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ತುಂಡನ್ನು ಬೆರಳಲ್ಲಿ ಅಳೆದಳು.

"ಇದು ಗಂಡುಮಕ್ಕಳ ಮೈಗೆ ಕತ್ತರಿಸಿದ್ದು ಕಣೇ. ನಿನ್ನ ಮೈಯಲ್ಲಿ ಏನೂ ತಪ್ಪಿಲ್ಲ" ಎಂದಳು.

ಮರುವರ್ಷ ತಾನೇ ಹೊಲಿದ ಚಡ್ಡಿಯಲ್ಲಿ ಓಡಿದಳು. ಮೂರನೆಯವಳಾದಳು. ಅವಳ ಓಟದ ಸಾಧನೆ ಅಲ್ಲಿಗೆ ಮುಗಿಯಿತು. ಅದಕ್ಕಿಂತ ವೇಗ ಅವಳ ಕಾಲಲ್ಲಿ ಇರಲಿಲ್ಲ, ಅದನ್ನು ಅವಳು ಮುಚ್ಚಿಟ್ಟವಳೂ ಅಲ್ಲ.

ಹತ್ತೊಂಬತ್ತಕ್ಕೆ ಆಟದ ಬಟ್ಟೆ ತಯಾರಿಸುವ ಕಾರ್ಖಾನೆಗೆ ಸೇರಿದಳು. ಅಲ್ಲಿನ ಪ್ಯಾಟರ್ನ್ ಕೋಣೆಯಲ್ಲಿ ಎದೆಯೆತ್ತರದ ಮೇಜುಗಳು, ಗೋಡೆಯುದ್ದಕ್ಕೂ ಕೊಕ್ಕೆಗೆ ನೇತುಹಾಕಿದ ಕಂದು ಕಾಗದದ ಅಚ್ಚುಗಳು. ಆ ಕಾಗದ ಇಟ್ಟು ಗುರುತು ಹಾಕಿಯೇ ಬಟ್ಟೆ ಕತ್ತರಿಸಬೇಕು. ಕೋಣೆಯ ಯಜಮಾನಿಕೆ ಕಟಿಂಗ್ ಮಾಸ್ಟರದು. ಕಿವಿಯ ಹಿಂದೆ ಪೆನ್ಸಿಲು ಸಿಕ್ಕಿಸಿಕೊಂಡು ಅದನ್ನೇ ಇಡೀ ಕೋಣೆಯಲ್ಲಿ ಹುಡುಕುವ ಸಣಕಲು ಮನುಷ್ಯ. ಹೆಂಗಸರ ಬಟ್ಟೆಯ ವಿದ್ಯೆಯನ್ನು ಆತ ಒಂದೇ ನಿಮಿಷದಲ್ಲಿ ಕಲಿಸಿದ.

"ಗಂಡಸರ ಅಚ್ಚು ತಗೋ. ಎಲ್ಲಾ ಕಡೆ ಎರಡು ಬೆರಳು ಕಮ್ಮಿ ಮಾಡು. ಗುಲಾಬಿ ಬಣ್ಣ ಹಾಕು. ಲೇಡೀಸ್ ಐಟಂ ರೆಡಿ."

ಹತ್ತು ವರ್ಷ ಅವಳು ಎರಡು ಬೆರಳು ಕಡಿಮೆ ಮಾಡುತ್ತಲೇ ಇದ್ದಳು. ಆ ನಡುವೆ ಮದುವೆಯಾಯಿತು. ಗಂಡ ಪ್ರಾಥಮಿಕ ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಮಾತು ಕಮ್ಮಿ. ಒಬ್ಬಳು ಮಗಳು ಹುಟ್ಟಿದಳು. ಮಗುವಿಗೆ ಎರಡು ತುಂಬಿದ ವರ್ಷ ಕಂಪನಿಯ ಮಾಲೀಕರು ಪ್ಯಾಟರ್ನ್ ಕೋಣೆಗೆ ಬಂದು, "ಈಗೀಗ ಹೆಂಗಸರು ತುಂಬಾ ಜನ ಓಡ್ತಿದಾರೆ. ನಮ್ಮ ಚಡ್ಡಿ ಒಂದು ಸಲ ಕೊಂಡವರು ಇನ್ನೊಂದು ಸಲ ಬರಲ್ಲ. ಯಾಕೆ ಅಂತ ಯಾರಿಗಾದ್ರೂ ಗೊತ್ತಾ?" ಎಂದರು. ಮಾಸ್ಟರು ಛಾವಣಿ ನೋಡಿದ. ಅವಳು, "ನನಗೆ ಮೂರು ತಿಂಗಳು ಕೊಡಿ ಸಾರ್" ಎಂದಳು.

ದಿನಾ ಬೆಳಗ್ಗೆ ಟೇಪು, ನೋಟ್‌ಬುಕ್ಕು ಹಿಡಿದು ಊರಿನ ಮೈದಾನಕ್ಕೆ ಹೋದಳು. ಓಡಲು ಬಂದ ಹೆಂಗಸರನ್ನು ನಿಲ್ಲಿಸಿ ಅಳತೆ ಕೇಳಿದಳು. ಮೊದಮೊದಲು ಜನ ಇವಳೇನೋ ಮಾರಲು ಬಂದಿದ್ದಾಳೆಂದು ತಪ್ಪಿಸಿಕೊಂಡರು. ಆಮೇಲೆ ತಾವೇ ಬಂದು ನಿಂತರು: ಆಸ್ಪತ್ರೆಯ ನರ್ಸು, ಅಂಚೆ ಹಂಚುವವಳು, ಕಾಲೇಜಿನ ಹುಡುಗಿಯರು, ಮಂಡಿ ನೋವಿಗೆಂದು ನಡೆಯುವ ಅಜ್ಜಿ. ನಿಂತಾಗ, ಕೂತಾಗ, ಕಾಲೆತ್ತಿದಾಗ ಬೇರೆ ಬೇರೆ ಅಳತೆ ಬರೆದುಕೊಂಡಳು. ಅರವತ್ತು ಜನರ ಅಳತೆ ಸೇರುವಷ್ಟರಲ್ಲಿ ವಿಷಯ ಕಣ್ಣಿಗೆ ಕಟ್ಟಿತು. ಹೆಂಗಸು ಬಗ್ಗಿದರೆ ಗಂಡಸರ ಅಚ್ಚಿನ ಚಡ್ಡಿ ಬೆನ್ನಲ್ಲಿ ಮೂರು ಬೆರಳು ಜಾರುತ್ತದೆ. ತೊಡೆಯ ಸಂದಿಯಲ್ಲಿ ನಾಲ್ಕು ಹೊಲಿಗೆ ಒಂದೆಡೆ ಸೇರಿ ಚರ್ಮ ಕೊರೆಯುತ್ತದೆ. ಅವಳು ಬೆನ್ನ ಕಡೆ ಎತ್ತರ ಮಾಡಿದಳು, ಸಂದಿಯಲ್ಲಿ ವಜ್ರದಾಕಾರದ ಒಂದು ತುಂಡು ಕೂರಿಸಿದಳು, ಲಾಡಿ ತೆಗೆದು ಅಂಗೈ ಅಗಲದ ಪಟ್ಟಿ ಹಾಕಿದಳು.

ಮಾಸ್ಟರು ಅದನ್ನು ಮೇಜಿನ ಮೇಲೆ ಹಾಸಿ ನೋಡಿ ಮುಖ ಸಿಂಡರಿಸಿದ. "ಇದೇನಮ್ಮ, ಹಿಂದೆ ಗುಡ್ಡ ಮುಂದೆ ಹಳ್ಳ? ಟೇಬಲ್ ಮೇಲೆ ನೆಟ್ಟಗೆ ಕೂರ್ತಾನೇ ಇಲ್ಲ."

"ಮಾಸ್ಟ್ರೇ, ಇದನ್ನ ಟೇಬಲ್ ಹಾಕ್ಕೊಳಲ್ಲ."

ಆತ ಮೊದಲು ಗುರಾಯಿಸಿದ, ಆಮೇಲೆ ಪೆನ್ಸಿಲು ಕೆಳಗೆ ಬೀಳುವ ಹಾಗೆ ನಕ್ಕ. ಚಡ್ಡಿಯನ್ನು ಮೂಲೆಯ ತೊಟ್ಟಿಗೆ ಒಯ್ದು, ನಲ್ಲಿ ಬಿಟ್ಟು ನೆನೆಸಿ, ಮುಷ್ಟಿಯ ಮೇಲೆ ಎಳೆದು ಕಿಟಕಿಗೆ ಹಿಡಿದ. "ಬೆವರು ಬಂದ್ರೆ ಬಟ್ಟೆ ಬೇರೆ ಬಟ್ಟೆ ಆಗೋಗುತ್ತೆ. ಒದ್ದೆ ಮಾಡಿ ನೋಡದೆ ಯಾವತ್ತೂ ಸಹಿ ಹಾಕ್ಬೇಡ. ಇದು ಪರವಾಗಿಲ್ಲ." ಆತನ ಬಾಯಲ್ಲಿ ಪರವಾಗಿಲ್ಲ ಎಂದರೆ ದೊಡ್ಡ ಹೊಗಳಿಕೆ. ಅದೇ ನಲವತ್ತೇಳನೆಯ ನಂಬರಾಯಿತು.

ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷವನ್ನು ಹೇಳುವುದು ಸುಲಭ, ಬದುಕುವುದು ಕಷ್ಟವಾಗಿತ್ತು. ಅವಳಿಗೆ ಡಿಸೈನರ್ ಎಂಬ ಹುದ್ದೆ ಸಿಕ್ಕಿತು, ಬಾಗಿಲಿರುವ ಕೋಣೆ ಸಿಕ್ಕಿತು. ಆರು ತಿಂಗಳಿಗೊಮ್ಮೆ ಹೊಸ ಸರಕು ಬರಲೇಬೇಕು. ಚಳಿಯಲ್ಲಿ ಬೇಸಿಗೆಯ ಬಟ್ಟೆ, ಬೇಸಿಗೆಯಲ್ಲಿ ಚಳಿಯ ಬಟ್ಟೆ. ಅವಳು ತಾನಿದ್ದ ಋತುವಿನಲ್ಲಿ ಇದ್ದದ್ದೇ ಇಲ್ಲ. ಹೊಸದೇನಾದರೂ ಮಾಡೋಣವೆಂದರೆ ಮಾರಾಟದವರು, "ನಲವತ್ತೇಳೇ ಓಡ್ತಿದೆಯಲ್ಲ ಅಕ್ಕ, ಬಣ್ಣ ಬದಲಾಯಿಸಿ ಸಾಕು" ಎನ್ನುತ್ತಿದ್ದರು. ಹಾಗೆ ಅದೇ ಚಡ್ಡಿಗೆ ಪಟ್ಟೆ ಬಂತು, ಜೇಬು ಬಂತು, ಜೇಬು ಹೋಯಿತು, ಪಟ್ಟೆ ಅಡ್ಡಡ್ಡ ಇದ್ದದ್ದು ಉದ್ದುದ್ದ ಆಯಿತು. ಗಾಣದೆತ್ತಿಗೂ ಒಂದು ಸುತ್ತು ಮುಗಿದಾಗ ಎಣ್ಣೆ ಕಾಣುತ್ತದೆ. ಅವಳಿಗೆ ಕಂಡದ್ದು ಮುಂದಿನ ಆರು ತಿಂಗಳು.

ಮಾಸ್ಟರು ನಿವೃತ್ತನಾದ, ಕೆಲವು ವರ್ಷಕ್ಕೆ ತೀರಿಕೊಂಡ. ಮಾಲೀಕರು ಕಂಪನಿಯನ್ನು ಮಗಳಿಗೆ ಒಪ್ಪಿಸಿ ಮನೆ ಸೇರಿದರು. ಚಿಕ್ಕ ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದ ಆ ಹುಡುಗಿ ಒಂದು ಕಾಲಕ್ಕೆ ನಲವತ್ತೇಳಕ್ಕನ ಮೇಜಿನ ಕೆಳಗೆ ಬಟ್ಟೆ ಚೂರುಗಳಲ್ಲಿ ಆಡಿದವಳು. ಜಾಣೆ, ಕೆಟ್ಟವಳಲ್ಲ, ಆದರೆ ಅವಸರದವಳು. ಅವಳು ಕರೆದ ಸಭೆಗಳಲ್ಲಿ ಬಣ್ಣಗಳಿಗೆ "ಮೋಡದ ಮೌನ" ಎಂಬಂಥ ಹೆಸರುಗಳಿರುತ್ತಿದ್ದವು. "ಇದು ಬೂದಿ ಬಣ್ಣ ತಾನೇ?" ಎಂದು ನಲವತ್ತೇಳಕ್ಕ ಕೇಳಿದರೆ ಎಳೆಯರೆಲ್ಲ ತಲೆ ತಗ್ಗಿಸಿ ನಗು ನುಂಗುತ್ತಿದ್ದರು.

ಕತ್ತರಿ ಹಿಡಿದು ಹಿಡಿದು ಅವಳ ಬಲಗೈ ಹೆಬ್ಬೆರಳು ಬುಡದಲ್ಲಿ ಸೊಟ್ಟಗಾಯಿತು. ಭುಜ ಹಿಡಿದುಕೊಂಡು ತಲೆ ಬಾಚಲು ಗಂಡನ ಸಹಾಯ ಬೇಕಾಯಿತು. ಮಗಳು ಬೆಳೆದು ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದಳು. ಜೀವಮಾನದಲ್ಲಿ ಬಸ್ಸು ಹಿಡಿಯಲೂ ಓಡಿದವಳಲ್ಲ. "ಅಮ್ಮ ಮನೆಗೆ ಬರ್ತಾಳೆ, ಆದ್ರೆ ಬಂದು ತಲುಪಲ್ಲ" ಎಂದು ಅವಳು ಅಪ್ಪನ ಹತ್ತಿರ ಹೇಳಿದ್ದನ್ನು ನಲವತ್ತೇಳಕ್ಕ ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು, ಚಪ್ಪಲಿ ಬಿಟ್ಟು, ಒಳಗೆ ಹೋಗಿ ಒಣಗಿದ ಬಟ್ಟೆ ಮಡಿಸತೊಡಗಿದಳು. 

ಐವತ್ತನಾಲ್ಕನೆಯ ವರ್ಷ ಕಂಪನಿಗೆ ಮಹಿಳಾ ಹ್ಯಾಂಡ್‌ಬಾಲ್ ತಂಡದ ಸಮವಸ್ತ್ರ ಮಾಡುವ ಕೆಲಸ ಬಂತು. ಮೇಲೆ ಕೆಂಪು, ಕೆಳಗೆ ಬಿಳಿ. ಬಣ್ಣ ನಿಗದಿ ಮಾಡಿದ್ದು ಆಟದ ಸಂಘದವರು. ಅದೇ ಹೊತ್ತಿಗೆ ಅವಳ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಎಂಬತ್ತು ದಾಟಿದ ಜೀವ. ನಲವತ್ತೇಳಕ್ಕ ಬೆಳಗ್ಗೆ ಆಸ್ಪತ್ರೆ, ಹಗಲು ಕಾರ್ಖಾನೆ, ಸಂಜೆ ಮತ್ತೆ ಆಸ್ಪತ್ರೆ ಎಂದು ಮೂರು ವಾರ ಓಡಾಡಿದಳು.

ಬಿಳಿ ಚಡ್ಡಿಯ ಮಾದರಿ ಸಹಿಗೆಂದು ಬಂದದ್ದು ಅಂಥ ಒಂದು ಮಧ್ಯಾಹ್ನ. ಮೇಜಿನ ಮೇಲೆ ಅದರ ಜೊತೆ ಇನ್ನೂ ಹತ್ತು ಮಾದರಿಗಳಿದ್ದವು. ಬಟ್ಟೆ ಮಿಲ್ಲಿನವರು ಈ ಸಲ ತೆಳ್ಳಗಿನ ನೂಲು ಹಾಕಿದ್ದರು. ಅದು ಕೈಗೆ ಹಗುರವಾಗಿ, ಚೆನ್ನಾಗಿಯೇ ಇತ್ತು. ಅವಳು ತಿರುವಿ ಹೊಲಿಗೆ ನೋಡಿದಳು, ಎಳೆದು ನೋಡಿದಳು. ತೊಟ್ಟಿ ಹನ್ನೆರಡು ಹೆಜ್ಜೆ ದೂರದಲ್ಲಿತ್ತು. ಕಾಲುಗಳು ಏಳಲಿಲ್ಲ. ಸಹಿ ಹಾಕಿದಳು.

ಪಂದ್ಯದ ದಿನ ಕಾರ್ಖಾನೆಯ ಕ್ಯಾಂಟೀನಿನ ಟಿವಿಯಲ್ಲಿ ಎಲ್ಲರೂ ನೋಡುತ್ತಿದ್ದರು. ನಾವು ಹೊಲಿದ ಬಟ್ಟೆ ಎಂಬ ಹೆಮ್ಮೆ. ಮೊದಲರ್ಧ ಚೆನ್ನಾಗಿಯೇ ನಡೆಯಿತು. ಎರಡನೆಯ ಅರ್ಧಕ್ಕೆ ಹುಡುಗಿಯರು ಬೆವೆತರು. ಬೆವರಿನಲ್ಲಿ ನೆನೆದ ಬಿಳಿ ಬಟ್ಟೆ ಬಟ್ಟೆಯಾಗಿ ಉಳಿಯಲಿಲ್ಲ, ಒಳಗಿನದೆಲ್ಲ ಕಂಡಿತು. ಗೋಲು ಕಾಯುವ ಹುಡುಗಿ ಚೆಂಡಿಗೆ ಹಾರಿ ಬಿದ್ದು ಎದ್ದಾಗ ಪ್ರೇಕ್ಷಕರ ಒಂದು ಮೂಲೆಯಿಂದ ಶಿಳ್ಳೆ ಬಂತು. ಆ ಹುಡುಗಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತರಬೇತುದಾರೆ ತನ್ನ ಜಾಕೆಟ್ ಕಳಚಿ ಕೊಟ್ಟಳು. ಹುಡುಗಿ ಅದನ್ನು ಸೊಂಟಕ್ಕೆ ಸುತ್ತಿಕೊಂಡು ಆಡಿದಳು. ತಂಡ ಎರಡು ಗೋಲಿನಿಂದ ಸೋತಿತು. ಕ್ಯಾಂಟೀನಿನಲ್ಲಿ ಯಾರೋ ಎದ್ದು ಟಿವಿ ಆರಿಸಿದರು.

ಮರುದಿನ ಚಿಕ್ಕ ಮೇಡಂ ಬಾಗಿಲು ಹಾಕಿಕೊಂಡು ಹೇಳಿದಳು: "ಅಕ್ಕ, ಬಟ್ಟೆ ಬದಲಾಯಿಸಿದ್ದು ಮಿಲ್ಲಿನವರು. ಹಾಗಂತ ಪತ್ರ ಬರೀತೀವಿ. ನೀವು ಒಂದು ಮಾತೂ ಆಡ್ಬೇಡಿ."

"ಸಹಿ ನಂದು."

"ಸಹಿ ಬಗ್ಗೆ ಯಾರೂ ಕೇಳಲ್ಲ."

"ನೀರು ಅಲ್ಲೇ ಇತ್ತು. ನಾನು ಎದ್ದು ಹೋಗ್ಲಿಲ್ಲ" ಎಂದಳು ನಲವತ್ತೇಳಕ್ಕ. ಅಷ್ಟು ಹೇಳುವುದಕ್ಕೂ ಅವಳಲ್ಲಿ ಹೆಚ್ಚು ಶಕ್ತಿ ಇರಲಿಲ್ಲ.

ಒಂದು ವಾರ ಕಳೆದ ಮೇಲೆ, ಒಳಗೆ ಅಸ್ತರು ಕೊಟ್ಟು ತಾನೇ ಹೊಲಿದ ಹದಿನಾರು ಚಡ್ಡಿಗಳನ್ನು ಚೀಲದಲ್ಲಿ ಹಾಕಿಕೊಂಡು, ಎರಡು ಬಸ್ಸು ಬದಲಾಯಿಸಿ ತಂಡ ಅಭ್ಯಾಸ ಮಾಡುವ ಒಳಾಂಗಣಕ್ಕೆ ಹೋದಳು. ಗೋಲು ಕಾಯುವ ಹುಡುಗಿ ಬೆಂಚಿನ ಮೇಲೆ ಕೂತು ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಇಪ್ಪತ್ಮೂರು ವರ್ಷವಿರಬೇಕು. ನಲವತ್ತೇಳಕ್ಕ ತಾನು ಯಾರೆಂದು ಹೇಳಿದಳು. ಹುಡುಗಿ ತಲೆಯೆತ್ತಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕ್ಷಮೆ ಕೇಳೋಕೆ ಬಂದ್ರಾ?"

"ಹೌದಮ್ಮ."

"ಕೂತ್ಕೊಂಡು ಕೇಳಿ. ನಿಂತ್ರೆ ಬಿದ್ದೋಗೋ ಹಾಗಿದೀರ."

ಅವಳು ಕೂತಳು. ನಡೆದದ್ದನ್ನು ಇದ್ದ ಹಾಗೇ ಹೇಳಿದಳು. ಅಮ್ಮನ ಆಸ್ಪತ್ರೆಯ ವಿಷಯ ಮಾತ್ರ ಹೇಳಲಿಲ್ಲ. ನೆಪ ಹೇಳಿದಂತಾಗುತ್ತದೆಂದು ಬಿಟ್ಟಳು. ಹುಡುಗಿ ಪಟ್ಟಿ ಸುತ್ತುವುದನ್ನು ಮುಗಿಸಿ ಚೀಲದಿಂದ ಒಂದು ಚಡ್ಡಿ ತೆಗೆದು ನೋಡಿದಳು.

"ಮತ್ತೆ ಬಿಳಿನೇ."

"ಬಣ್ಣ ಸಂಘದವರದ್ದು."

"ಆಂಟಿ, ಅವತ್ತು ಬೆವರಾಗಿದ್ದು ಎಲ್ಲರಿಗೂ ಕಾಣಿಸ್ತು, ಪೇಪರಲ್ಲೂ ಬಂತು. ನಾವು ತಿಂಗಳು ತಿಂಗಳೂ ಹೆದರೋದು ಅದಕ್ಕಲ್ಲ. ಆ ನಾಕು ದಿನ ಎರಡೆರಡು ಚಡ್ಡಿ ಮೇಲಿಂದ ಮೇಲೆ ಹಾಕ್ತೀವಿ. ಹಾರೋಕೆ ಮುಂಚೆ ಒಂದ್ಸಲ ಹಿಂದೆ ತಿರುಗಿ ನೋಡ್ಕೋತೀನಿ, ಕಲೆ ಆಗಿದ್ಯಾ ಅಂತ. ಅಷ್ಟೊತ್ತಿಗೆ ಚೆಂಡು ಒಳಗೆ ಬಿದ್ದಿರುತ್ತೆ. ಇಷ್ಟು ವರ್ಷದಿಂದ ಹೆಂಗಸರಿಗೆ ಬಟ್ಟೆ ಮಾಡ್ತೀರಲ್ಲ, ನೀವೂ ಹೆಂಗಸೇ ಅಲ್ವಾ? ಯಾರೂ ಯಾಕೆ ಕೇಳ್ಲಿಲ್ಲ?"

ನಲವತ್ತೇಳಕ್ಕ ಅರವತ್ತು ಹೆಂಗಸರ ಸೊಂಟ, ತೊಡೆ, ಬೆನ್ನು ಎಲ್ಲ ಅಳೆದಿದ್ದಳು. ಈ ಒಂದು ಪ್ರಶ್ನೆ ಅವಳ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ. ಅವಳೂ ಹುಡುಗಿಯಾಗಿದ್ದಾಗ ಆ ದಿನಗಳಲ್ಲಿ ಓಟ ತಪ್ಪಿಸಿ ಹೊಟ್ಟೆನೋವೆಂದು ಮೂಲೆಯಲ್ಲಿ ಕೂತವಳೇ. ಅದನ್ನು ಬಟ್ಟೆಯ ದೋಷವೆಂದು ಅವಳು ಯಾವತ್ತೂ ಎಣಿಸಿರಲಿಲ್ಲ.

ಮನೆಗೆ ಬಂದವಳೇ ಕಡುನೀಲಿ ಬಟ್ಟೆಯಲ್ಲಿ ಹೊಸ ಚಡ್ಡಿ ಕತ್ತರಿಸಿದಳು. ಒಳಗೆ ಬೇರೆಯಾಗಿ ಒಂದು ಹೀರುವ ಪದರ, ಅದು ಜಾರದಂತೆ ಪಕ್ಕದಲ್ಲಿ ಹಿಡಿದಿಡುವ ಪಟ್ಟಿಗಳು. ಆಸ್ಪತ್ರೆಯಿಂದ ಬಂದು ಹಾಸಿಗೆ ಹಿಡಿದಿದ್ದ ಅಮ್ಮನ ಕೈಗೆ ಕೊಟ್ಟಳು. ಮುದುಕಿ ಕನ್ನಡಕ ಏರಿಸಿ, ಒಳಮಗ್ಗುಲು ತಿರುವಿ, ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದಳು.

"ಈ ಹೊಲಿಗೆ ತೊಡೆಗೆ ತಾಗುತ್ತೆ. ಆಚೆ ಮಗ್ಗುಲಿಗೆ ಹಾಕು. ಯಾರಿಗೆ ಇದು?"

"ಆಟ ಆಡೋ ಹುಡುಗೀರಿಗೆ."

"ನಮ್ಮ ಕಾಲದಲ್ಲಿ ಇದ್ದಿದ್ರೆ ನಾನೂ ಆಡ್ತಿದ್ನೇನೋ" ಎಂದು ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಡುತ್ತಿದ್ದಳೋ ಇಲ್ಲವೋ, ಅಂಥ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಆಮೇಲಿನ ಎಂಟು ತಿಂಗಳು ಸಂಘದ ಕಚೇರಿಗೆ ಅಲೆದದ್ದೇ ಆಯಿತು. ಬಣ್ಣ ಬದಲಿಸಿ ಎಂದರೆ ಕಾರ್ಯದರ್ಶಿಗಳು, "ಬಿಳಿ ಅಂದ್ರೆ ಶಿಸ್ತು ಮೇಡಂ. ಟಿವಿಯಲ್ಲೂ ಚೆನ್ನಾಗಿ ಕಾಣುತ್ತೆ" ಎಂದರು. ಮೊದಲ ಸಭೆಯಲ್ಲಿ ಅವಳು ಮುಟ್ಟು ಎಂಬ ಪದ ಆಡಿದ ಕೂಡಲೇ ಆರು ಮಂದಿ ಗಂಡಸರು ಮೇಜಿನ ಮರದ ಗೆರೆ ಎಣಿಸತೊಡಗಿದರು. ಒಬ್ಬರು ಖಾಲಿ ಲೋಟವನ್ನೇ ಎತ್ತಿ ಕುಡಿದರು. ಎರಡನೆಯ ಸಭೆ ಮುಂದಕ್ಕೆ ಹೋಯಿತು, ಅದರ ಮುಂದಿನದೂ ಹೋಯಿತು. ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ. ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಗೆ ತಲೆಯಾನಿಸಿ ಎಷ್ಟೋ ಸಲ ತನ್ನ ನಿಲ್ದಾಣ ದಾಟಿ ಹೋದಳು. ಬಿಟ್ಟುಬಿಡೋಣ ಎಂದು ದಿನಕ್ಕೊಮ್ಮೆಯಾದರೂ ಅನ್ನಿಸುತ್ತಿತ್ತು. ಬಿಡುವುದಕ್ಕೂ ಯಾರಿಗೋ ಪತ್ರ ಬರೆದು, ಯಾರಿಗೋ ಕಾರಣ ಹೇಳಬೇಕಿತ್ತು. ಅದಕ್ಕಿಂತ ಮುಂದಿನ ಬಸ್ಸು ಹತ್ತುವುದೇ ಸುಲಭವೆನ್ನಿಸಿತು.

ಕೊನೆಗೂ ನಡೆದ ಸಭೆಗೆ ಅವಳು ಗೋಲು ಕಾಯುವ ಹುಡುಗಿಯನ್ನೂ ತರಬೇತುದಾರೆಯನ್ನೂ ಕರೆದುಕೊಂಡು ಹೋದಳು. ಕಾರ್ಯದರ್ಶಿಗಳು ಮತ್ತೆ ಶಿಸ್ತಿನ ಮಾತೆತ್ತಿದರು. ನಲವತ್ತೇಳಕ್ಕ ದನಿ ಎತ್ತರಿಸಲಿಲ್ಲ.

"ಸಾರ್, ನೀವು ಬಿಳಿ ಪ್ಯಾಂಟು ಹಾಕ್ಕೊಂಡಿದೀರಿ. ಒಂದು ಶಾಯಿ ಪೆನ್ನಿನ ಮುಚ್ಚಳ ತೆಗೆದು ಹಿಂದಿನ ಜೇಬಲ್ಲಿ ಇಟ್ಕೊಳ್ಳಿ. ಇವತ್ತು ಇಡೀ ದಿನ ಏಳಿ, ಕೂರಿ, ಮೆಟ್ಟಿಲು ಹತ್ತಿ, ನಾಕು ಜನರ ಮುಂದೆ ಮಾತಾಡಿ. ಎಷ್ಟು ಸಲ ಹಿಂದೆ ತಿರುಗಿ ನೋಡ್ಕೋತೀರ ಅಂತ ಎಣಿಸಿ. ನಾಳೆ ಶಿಸ್ತಿನ ವಿಷಯ ಮಾತಾಡೋಣ."

ತರಬೇತುದಾರೆ ಸದ್ದಿಲ್ಲದೆ ತನ್ನ ಪೆನ್ನಿನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು ಮುಂದಕ್ಕೆ ತಳ್ಳಿದಳು. ಗೋಲು ಕಾಯುವ ಹುಡುಗಿ ನಗು ತಡೆಯಲಾರದೆ ಕೆಮ್ಮಿದಳು. ಕಾರ್ಯದರ್ಶಿಗಳು ಪೆನ್ನನ್ನು ಮುಟ್ಟಲಿಲ್ಲ. 

ಎರಡು ವಾರ ಬಿಟ್ಟು ಒಂದೇ ಸಾಲಿನ ಸುತ್ತೋಲೆ ಬಂತು. ಮಹಿಳಾ ತಂಡಗಳು ಇನ್ನು ಮುಂದೆ ತಮಗೆ ಬೇಕಾದ ಗಾಢ ಬಣ್ಣದ ಚಡ್ಡಿ ತೊಡಬಹುದು. ಕಾರಣ ಬರೆದಿರಲಿಲ್ಲ, ಯಾರ ಹೆಸರೂ ಇರಲಿಲ್ಲ. ನಲವತ್ತೇಳಕ್ಕ ಅದನ್ನು ಓದಿ, ಹೊಲಿಗೆ ವಿಭಾಗದ ಹೆಂಗಸರಿಗೆ ಓದಿ ಹೇಳಿ, ಕುರ್ಚಿಯಲ್ಲಿ ಕೂತಳು. ಅವರು ಚಪ್ಪಾಳೆ ತಟ್ಟಿದರು. ಸಂತೋಷವಾಗಬೇಕಿತ್ತೆಂದು ಅವಳಿಗೆ ಗೊತ್ತಿತ್ತು. ಆದರೆ ಮೊದಲು ಬಂದದ್ದು ನಿದ್ದೆ.

ಕಡುನೀಲಿ ಚಡ್ಡಿ ಒಳ್ಳೆಯ ಹೆಸರು ಮಾಡಿತು. ಶಾಲೆಗಳೂ ತರಿಸಿಕೊಂಡವು. ಜಾಹೀರಾತಿನಲ್ಲಿ ಚಿಕ್ಕ ಮೇಡಂ ಮಾತಾಡಿದಳು, ಚೆನ್ನಾಗಿಯೇ ಮಾತಾಡಿದಳು. ಆಮೇಲೆ ನಲವತ್ತೇಳಕ್ಕನನ್ನು ಕರೆದು ಇಡೀ ವಿನ್ಯಾಸ ವಿಭಾಗದ ಮುಖ್ಯಸ್ಥೆಯಾಗಿ ಎಂದಳು.

"ನನಗೆ ವಾರಕ್ಕೆ ಮೂರು ದಿನದ ಕೆಲಸ ಸಾಕು."

"ಅಕ್ಕ, ಇಷ್ಟು ಹೆಸರು ಬಂದಿರೋ ಹೊತ್ತಲ್ಲಿ?"

"ಹೆಸರು ನಿಮ್ಮ ಹತ್ರಾನೇ ಇರ್ಲಿ. ನನಗೆ ಮಂಗಳವಾರ ಬೇಕು, ಗುರುವಾರ ಬೇಕು."

ಚಿಕ್ಕ ಮೇಡಂ ನಗಲು ಹೋಗಿ, ಎದುರಿನ ಮುಖ ನೋಡಿ ಕಾಗದಕ್ಕೆ ಸಹಿ ಹಾಕಿಕೊಟ್ಟಳು.

ಈಗ ಅವಳು ಸೋಮವಾರ, ಬುಧವಾರ, ಶುಕ್ರವಾರ ಹೋಗುತ್ತಾಳೆ. ಸಹಿ ಹಾಕುವ ಕೆಲಸ ಬೇರೆಯವರಿಗೆ ಒಪ್ಪಿಸಿದ್ದಾಳೆ. ದಪ್ಪ ಮೈಯ ಹೆಂಗಸರಿಗೆ, ಬಾಣಂತನ ಮುಗಿಸಿ ಮತ್ತೆ ಓಡಲು ಬರುವವರಿಗೆ ಅಚ್ಚು ಕತ್ತರಿಸುತ್ತಾಳೆ, ನಿಧಾನವಾಗಿ. ಒಂದು ಅಚ್ಚಿಗೆ ತಿಂಗಳು ಹಿಡಿದರೂ ಯಾರೂ ಕೇಳುವುದಿಲ್ಲ.

ಮೊನ್ನೆ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಕಾರ್ಖಾನೆಯಿಂದ ಫೋನ್ ಬಂತು. ನಿವೃತ್ತರಾಗಿ ಮನೆಯಲ್ಲಿದ್ದ ಗಂಡ, ಡ್ರಾಯಿಂಗ್ ಮೇಷ್ಟ್ರು, ಎತ್ತಿದರು. ಹಾಸಿಗೆಯಿಂದ ಎದ್ದಿದ್ದ ಅವಳ ಅಮ್ಮ ಪಕ್ಕದ ಕೋಣೆಯಲ್ಲಿ ನಡಿಗೆಯ ಕೋಲು ಕುಟ್ಟುತ್ತ ಓಡಾಡುತ್ತಿದ್ದಳು. ರಜೆ ಹಾಕಿ ಬಂದಿದ್ದ ಮಗಳು ಅಡುಗೆಮನೆಯಿಂದ ಯಾರು ಎಂದು ಕೈಯಲ್ಲೇ ಕೇಳಿದಳು.

"ಮಲಗಿದಾಳೆ" ಎಂದರು ಮೇಷ್ಟ್ರು ಫೋನಿಗೆ. ಆ ಕಡೆಯವರು ಏನೋ ಅವಸರದ ಮಾತು ಹೇಳಿದರು. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು.

"ಇಲ್ಲಪ್ಪ, ಎಬ್ಬಿಸಲ್ಲ. ನಾಳೆ ಬರ್ತಾಳೆ."